ಮುಂಗಡ ಕೊಡುವ ಮುನ್ನ: ಕ್ರಯದ ಕರಾರು ಪತ್ರವನ್ನು ಸಾಲು ಸಾಲಾಗಿ ಓದುವುದು ಹೇಗೆ?

"ಕರಾರು ಆಗಿದೆ, ಅಡ್ವಾನ್ಸೂ ಕೊಟ್ಟಾಗಿದೆ. ಇನ್ನು ಜಾಗ ನಮ್ಮದೇ ಅಲ್ವಾ?"

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಲ್ಲ, ಇನ್ನೂ ನಿಮ್ಮದಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಾರಾಟದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಕರಾರು ಎಂದರೆ "ಮುಂದೆ ಮಾರುತ್ತೇನೆ" ಎಂಬ ಮಾತು. ಶುದ್ಧ ಕ್ರಯಪತ್ರ ಎಂದರೆ "ಮಾರಿದ್ದೇನೆ" ಎಂಬ ಮುಗಿದ ಕೆಲಸ. ಕ್ರಯಪತ್ರ ನೋಂದಣಿಯಾದ ದಿನವೇ ಜಾಗ ಕೈ ಬದಲಾಗುವುದು.

ಈ ವ್ಯತ್ಯಾಸದಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ಕರಾರು ಮಾಡಿಕೊಂಡು 75 ಲಕ್ಷ ರೂಪಾಯಿ ನಗದು ಕೊಟ್ಟಿದ್ದೇವೆ ಎಂದ ಕೆಲವರು, ಆ ಜಾಗದ ಸ್ವಾಧೀನದಲ್ಲಿದ್ದ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಆ ಸಂಸ್ಥೆ ಕರಾರಿಗೆ ಸಹಿ ಹಾಕಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ದಾವೆಯನ್ನು ಬಾಗಿಲಲ್ಲೇ ತಿರಸ್ಕರಿಸಿತು. ಕರಾರು ಹಿಡಿದವನಿಗೆ ಸಹಿ ಹಾಕಿದವನ ಮೇಲೆ ಹಕ್ಕು ಇರಬಹುದು, ಹೊರಗಿನವರ ಮೇಲೆ ಇಲ್ಲ ಎಂದಿತು. ಆಸ್ತಿಯ ಹಕ್ಕನ್ನು ಊರೆಲ್ಲ ಒಪ್ಪಬೇಕು. ಕರಾರಿನ ಹಕ್ಕು ಸಹಿ ಹಾಕಿದವರ ನಡುವಿನದು.

ಹಾಗಾದರೆ ಕ್ರಯಪತ್ರ ಆಗುವವರೆಗೆ ನಿಮ್ಮ ಕೈಯಲ್ಲಿ ಏನಿರುತ್ತದೆ? ಆ ಕಾಗದದಲ್ಲಿರುವ ಮಾತುಗಳು ಮಾತ್ರ. ಬಾಯಲ್ಲಿ ಆಡಿದ್ದು ಹೆಚ್ಚು ನೆರವಿಗೆ ಬರುವುದಿಲ್ಲ. ಬರೆದು ಸಹಿ ಹಾಕಿದ ಷರತ್ತಿಗೆ ವಿರುದ್ಧವಾಗಿ "ಅವತ್ತು ಹೀಗೆ ಹೇಳಿದ್ದರು" ಎಂದು ಸಾಕ್ಷಿ ನುಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 91 ಮತ್ತು 92ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 94 ಮತ್ತು 95ನೇ ಕಲಂ.

ಅದಕ್ಕೇ ಈ ಲೇಖನ. ಇದನ್ನು ಓದಿದ ಮೇಲೆ ವಕೀಲರು ಬೇಡ ಎಂದು ನಾನು ಹೇಳುತ್ತಿಲ್ಲ. ವಕೀಲರ ಮುಂದೆ ಕೂತಾಗ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಬೇಕು ಎಂಬುದು ನಿಮಗೆ ಗೊತ್ತಿರಲಿ ಎಂಬುದು ನನ್ನ ಆಸೆ.

ಓದಲು ಕೂರುವ ಮುನ್ನ ಬೇಕಾದವು

ಮೊದಲನೆಯದು ಕರಡು ಪ್ರತಿ. ಸಹಿ ಹಾಕುವ ದಿನ ಟೈಪಿಂಗ್ ಅಂಗಡಿಯಲ್ಲಿ ನಿಂತು ಓದುವುದು ಓದಲ್ಲ. ಮೂರು ನಾಲ್ಕು ದಿನ ಮೊದಲೇ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವವರ ಜೊತೆ ವ್ಯವಹಾರವನ್ನೇ ಮುಂದುವರಿಸಬೇಡಿ.

ಎರಡನೆಯದು ಹೋಲಿಸಿ ನೋಡಲು ದಾಖಲೆಗಳು. ಮಾರುವವರ ಹೆಸರಿಗೆ ಆಸ್ತಿ ಬಂದ ಪತ್ರ, ಅಂದರೆ ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ ಅಥವಾ ಮಂಜೂರಾತಿ ಪತ್ರ. ನಿವೇಶನವಾದರೆ ಖಾತಾ, ಜಮೀನಾದರೆ ಪಹಣಿ. ಸರ್ವೆ ನಕ್ಷೆ. ಜೊತೆಗೆ ಋಣಭಾರ ಪತ್ರ. ನಾವೆಲ್ಲ ಇ.ಸಿ. ಎನ್ನುವುದು ಇದನ್ನೇ. ಆ ಆಸ್ತಿಯ ಮೇಲೆ ಯಾವ ಯಾವ ಪತ್ರಗಳು ನೋಂದಣಿಯಾಗಿವೆ ಎಂದು ತೋರಿಸುವ ಪಟ್ಟಿ ಇದು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬಹುದು. ಆದರೆ ನೋಂದಣಿಯಾಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಬಾಯಿಮಾತಿನ ಪಾಲು ಇವು ಇ.ಸಿ.ಯಲ್ಲಿ ಕಾಣದೇ ಹೋಗಬಹುದು. ಇ.ಸಿ. ಖಾಲಿ ಬಂತು ಎಂದು ನೆಮ್ಮದಿಯಾಗಿ ಕೂರಬೇಡಿ.

ಮೂರನೆಯದು ಒಂದು ಪೆನ್ಸಿಲ್. ಅರ್ಥವಾಗದ ಪ್ರತಿ ಪದದ ಕೆಳಗೂ ಗೆರೆ ಹಾಕಿ. ನಾಚಿಕೆ ಬೇಡ.

ಹಂತ 1: ಮೊದಲ ಪುಟದ ಹೆಸರುಗಳು

ನಮ್ಮ ಪತ್ರಗಳಲ್ಲಿ "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ಹಳೆಯ ಪತ್ರದಲ್ಲಿರುವ ಹೆಸರು, ಖಾತೆಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಮೂರೂ ಹೊಂದುತ್ತವೆಯೇ ನೋಡಿ. "ಸಿದ್ದಪ್ಪ" ಒಂದು ಕಡೆ "ಸಿದ್ಧಲಿಂಗಪ್ಪ" ಆಗಿದ್ದರೆ, ಇಬ್ಬರೂ ಒಬ್ಬರೇ ಎಂದು ಕರಾರಿನಲ್ಲೇ ಬರೆಸಿ. ಅದಕ್ಕೆ ಪ್ರಮಾಣಪತ್ರವನ್ನೂ ಪಡೆಯಿರಿ.

ಇದಕ್ಕಿಂತ ದೊಡ್ಡ ಪ್ರಶ್ನೆ, ಸಹಿ ಹಾಕಬೇಕಾದ ಎಲ್ಲರೂ ಈ ಪುಟದಲ್ಲಿ ಇದ್ದಾರೆಯೇ ಎಂಬುದು. ಪಿತ್ರಾರ್ಜಿತ ಆಸ್ತಿಯಾದರೆ ಗಂಡುಮಕ್ಕಳ ಸಹಿ ಮಾತ್ರ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. "ಮದುವೆ ಮಾಡಿ ಕೊಟ್ಟಾಗಿದೆ, ಅವಳಿಗೆ ಏನೂ ಬೇಡವಂತೆ" ಎಂಬ ಮಾತನ್ನು ನಂಬಿ ಹಣ ಕೊಡಬೇಡಿ. ಬೇಡವಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ, ಇಲ್ಲವೇ ಕರಾರಿಗೆ ಸಹಿ ಹಾಕಲಿ. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿರುವ ಆಸ್ತಿಯಾದರೆ ಮಾರಲು ಕೋರ್ಟಿನ ಅನುಮತಿ ಬೇಕು.

ಮಾರುವವರ ಪರವಾಗಿ ಬೇರೆಯವರು ಸಹಿ ಹಾಕುತ್ತಿದ್ದರೆ ಅಧಿಕಾರ ಪತ್ರ ಕೇಳಿ. ನಾವು ಜಿ.ಪಿ.ಎ. ಎನ್ನುವುದು ಇದಕ್ಕೇ. ಮಾರುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಬರೆದಿದೆಯೇ? ಕೊಟ್ಟವರು ಬದುಕಿದ್ದಾರೆಯೇ? ಮಗ ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಅಲ್ಲಿಂದ ಕಳುಹಿಸಿದ್ದರೆ, ಆ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿರಬೇಕು.

ಎಚ್ಚರಿಕೆ: "ಕ್ರಯಪತ್ರ ಬೇಡ, ಜಿ.ಪಿ.ಎ. ಮಾಡಿಕೊಡ್ತೀವಿ, ಖರ್ಚು ಕಡಿಮೆ" ಎಂದರೆ ಒಪ್ಪಬೇಡಿ. ಜಿ.ಪಿ.ಎ. ಮತ್ತು ಕರಾರಿನಿಂದ ಆಸ್ತಿಯ ಒಡೆತನ ಬರುವುದಿಲ್ಲ ಎಂದು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 2: ಆಸ್ತಿ ಬಂದ ದಾರಿ

ನಂತರದ ಒಂದೆರಡು ಪ್ಯಾರಾದಲ್ಲಿ ಆಸ್ತಿ ಮಾರುವವರಿಗೆ ಹೇಗೆ ಬಂತು ಎಂಬ ಕಥೆ ಇರುತ್ತದೆ. "ಸ್ವಯಾರ್ಜಿತ" ಎಂದರೆ ಸ್ವಂತ ದುಡಿಮೆಯಿಂದ ಬಂದದ್ದು. "ಪಿತ್ರಾರ್ಜಿತ" ಎಂದರೆ ಹಿರಿಯರಿಂದ ಬಂದದ್ದು. ಕರಾರಿನಲ್ಲಿ ಸ್ವಯಾರ್ಜಿತ ಎಂದು ಬರೆದು, ಹಳೆಯ ಪತ್ರ ವಿಭಾಗ ಪತ್ರವಾಗಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಆ ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದದ್ದೇ ಎಂಬುದನ್ನು ಮರೆಯದೆ ನೋಡಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಹಾಗೆ ಹೋಗುವುದು ನ್ಯಾಯವೂ ಹೌದು. ಆ ಕಾಯ್ದೆ ಬಂದದ್ದೇ ಅವರ ನೆಲ ಉಳಿಸಲು.

ಹಂತ 3: ಷೆಡ್ಯೂಲು

ಷೆಡ್ಯೂಲು ಎಂದರೆ ಮಾರಾಟವಾಗುವ ಆಸ್ತಿಯ ವಿವರ. ಕೊನೆಯ ಪುಟದಲ್ಲಿ ಇರುವುದರಿಂದ ಜನ ಇದನ್ನು ಓದುವುದೇ ಇಲ್ಲ. ಆದರೆ ನೀವು ಕೊಳ್ಳುತ್ತಿರುವುದು ಇದನ್ನೇ! ಸರ್ವೆ ನಂಬರ್ ಅಥವಾ ಸೈಟ್ ನಂಬರ್, ಅಳತೆ, ಚಕ್ಕುಬಂದಿ ಈ ಮೂರೂ ಷೆಡ್ಯೂಲಿನಲ್ಲಿ ಇರಬೇಕು. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಅಳತೆಗೂ ಚಕ್ಕುಬಂದಿಗೂ ಹೊಂದದೇ ಇದ್ದಾಗ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ನಂಬುತ್ತವೆ. 1,200 ಚದರಡಿ ಎಂದು ಬರೆದು ಗಡಿಗಳ ನಡುವೆ 1,100 ಮಾತ್ರ ಇದ್ದರೆ, ಉಳಿದ ನೂರಕ್ಕಾಗಿ ಪಕ್ಕದ ಸೈಟಿನವರನ್ನು ಕೇಳಲು ಆಗುವುದಿಲ್ಲ. ಟೇಪು ಹಿಡಿದು ನೀವೇ ಅಳೆಯಿರಿ.

"ಪೂರ್ವಕ್ಕೆ ರಾಮಣ್ಣನವರ ಜಮೀನು" ಎಂದಷ್ಟೇ ಬರೆದಿದ್ದರೆ ಸಾಲದು. ರಾಮಣ್ಣ ನಾಳೆ ಮಾರಬಹುದು. ಆ ಜಮೀನಿನ ಸರ್ವೆ ನಂಬರನ್ನೂ ಸೇರಿಸಿ. "ರಸ್ತೆ" ಎಂದಿದ್ದರೆ ಎಷ್ಟು ಅಡಿ ಅಗಲದ ರಸ್ತೆ, ಸಾರ್ವಜನಿಕ ರಸ್ತೆಯೋ ಖಾಸಗಿ ದಾರಿಯೋ ಬರೆಸಿ. ದಾರಿ ಪಕ್ಕದವರ ಜಮೀನಿನ ಮೇಲೆ ಹಾದು ಬರುತ್ತಿದ್ದರೆ, ಮಾರುವವರ ಮಾತಿನಿಂದ ಮಾತ್ರ ನಿಮಗೆ ಆ ಹಕ್ಕು ಸಿಗುವುದಿಲ್ಲ. ದಾರಿ ಬಿಡಬೇಕಾದವರ ಪತ್ರ ಬೇಕು.

ಜಮೀನಾದರೆ ಖರಾಬಿನ ಲೆಕ್ಕ ನೋಡಿ. 40 ಗುಂಟೆ ಒಂದು ಎಕರೆ, ಒಂದು ಗುಂಟೆ 1,089 ಚದರಡಿ. ಎ ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಎಂದರೆ ರಸ್ತೆ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದನ್ನು ಯಾರೂ ನಿಮಗೆ ಮಾರಲು ಬರುವುದಿಲ್ಲ. "2 ಎಕರೆ 10 ಗುಂಟೆ, ಖರಾಬು ಸೇರಿ" ಎಂದಿದ್ದರೆ ಬೆಲೆ ಎಷ್ಟು ಗುಂಟೆಗೆ ಎಂದು ತಕ್ಷಣ ಕೇಳಿ.

ಹಳೆಯ ಶೈಲಿಯ ಪತ್ರಗಳಲ್ಲಿ ಇಲ್ಲೇ ಎಲ್ಲೋ ಒಂದು ಸುಂದರ ಸಾಲು ಬರುತ್ತದೆ: "ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ". ಶಾಸನಗಳ ಕಾಲದಿಂದ ನಮ್ಮ ಭೂದಾಖಲೆಗಳಲ್ಲಿ ಉಳಿದುಬಂದ ಮಾತು ಇದು. ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆ ನೆಲದಲ್ಲಿ ಈಗ ಇರುವುದು, ಮುಂದೆ ಬರುವುದು ಎಲ್ಲವೂ ಕೊಂಡವರಿಗೆ ಎಂಬುದು ಅದರ ಭಾವ. ಆದರೆ ಈ ಸಾಲು ಇದ್ದ ಮಾತ್ರಕ್ಕೆ ಷೆಡ್ಯೂಲಿನಲ್ಲಿ ಇಲ್ಲದ ಒಂದು ಅಡಿಯೂ ನಿಮಗೆ ಹೆಚ್ಚಿಗೆ ಬರುವುದಿಲ್ಲ. ಹೂತಿಟ್ಟ ನಿಧಿ ಸಿಕ್ಕರೆ ಅದಕ್ಕೆ ಬೇರೆಯೇ ಕಾಯ್ದೆ ಇದೆ. ಕೊಳವೆಬಾವಿ, ಪಂಪ್‌ಸೆಟ್, ತೆಂಗಿನ ಮರ, ವಿದ್ಯುತ್ ಸಂಪರ್ಕ ಇವು ಬೆಲೆಯಲ್ಲಿ ಸೇರಿದ್ದರೆ ಹೆಸರು ಹಿಡಿದು ಬರೆಸಿ.

ಹಂತ 4: ಹಣ, ಮತ್ತು ಆ ಹಣಕ್ಕೆ ಇಟ್ಟ ಹೆಸರು

ಒಟ್ಟು ಬೆಲೆಗೆ ಪತ್ರದಲ್ಲಿ "ಪ್ರತಿಫಲ" ಎಂಬ ಪದ ಇರುತ್ತದೆ. ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಓದಿ ಹೋಲಿಸಿ.

ಈಗ ಕೊಡುವ ಹಣಕ್ಕೆ ಯಾವ ಹೆಸರು ಕೊಟ್ಟಿದ್ದಾರೆ ನೋಡಿ. ಇದು ಸಣ್ಣ ವಿಷಯವಲ್ಲ. ಸಂಚಕಾರ ಎಂದರೆ ಮಾತಿಗೆ ತಪ್ಪುವುದಿಲ್ಲ ಎಂದು ಭದ್ರತೆಯಾಗಿ ಕೊಡುವ ಹಣ. ಉತ್ತರ ಕರ್ನಾಟಕದಲ್ಲಿ ಈ ಪದ ಈಗಲೂ ಬಳಕೆಯಲ್ಲಿದೆ. ಮುಂಗಡ ಎಂದರೆ ಬೆಲೆಯ ಒಂದು ಭಾಗವನ್ನು ಮೊದಲೇ ಕೊಡುವುದು. ಕೊಳ್ಳುವವರು ತಪ್ಪಿದರೆ ಮಾರುವವರು ಮುಟ್ಟುಗೋಲು ಹಾಕಿಕೊಳ್ಳಬಹುದಾದದ್ದು ಭದ್ರತೆಯಾಗಿ ಕೊಟ್ಟ ಹಣವನ್ನು, ಅದೂ ಷರತ್ತು ಸ್ಪಷ್ಟವಾಗಿದ್ದರೆ. ಬೆಲೆಯ ಭಾಗವಾಗಿ ಮಾತ್ರ ಕೊಟ್ಟದ್ದನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ. 2012ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ. ಹೆಸರು ಏನೇ ಇರಲಿ, ಷರತ್ತಿನ ಒಟ್ಟು ಅರ್ಥವನ್ನು ಕೋರ್ಟ್ ನೋಡುತ್ತದೆ.

ಮತ್ತೊಂದು ಬೆಂಗಳೂರಿನ ಪ್ರಕರಣ ನೋಡಿ. 2007ರ ಕರಾರು, 20 ಲಕ್ಷ ಮುಂಗಡ, ಬಾಕಿ ಕೊಡಲು ನಾಲ್ಕು ತಿಂಗಳು. ತಪ್ಪಿದರೆ ಮುಂಗಡ ಮುಟ್ಟುಗೋಲು ಎಂಬ ಷರತ್ತು ಪತ್ರದಲ್ಲೇ ಇತ್ತು. ಕೊಳ್ಳುವವರು ಹೊತ್ತಿಗೆ ಹಣ ಹೊಂದಿಸಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಹದಿನೆಂಟು ವರ್ಷ ಅಲೆದ ಮೇಲೂ 20 ಲಕ್ಷ ಹೋಯಿತು. ಬ್ಯಾಂಕ್ ಸಾಲ ನಂಬಿಕೊಂಡು ಕರಾರು ಮಾಡುವವರು ಇದನ್ನು ಎರಡು ಸಲ ಓದಿ.

ಹಾಗಾಗಿ ಈ ಎರಡು ಸಾಲು ಬರೆಸಿ. ಒಂದು, ಭದ್ರತೆಯ ಮೊತ್ತ ಇಷ್ಟೇ, ಉಳಿದದ್ದು ಬೆಲೆಯ ಭಾಗ. ಎರಡು, ಆಸ್ತಿಯ ದಾಖಲೆಯಲ್ಲಿ ದೋಷವಿದೆ ಎಂಬ ಕಾರಣಕ್ಕೆ ಬ್ಯಾಂಕ್ ಸಾಲ ನಿರಾಕರಿಸಿದರೆ ಪೂರ್ತಿ ಹಣ ಇಷ್ಟು ದಿನದೊಳಗೆ ವಾಪಸ್.

ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇನ್ನೊಂದು ರಕ್ಷಣೆ ಕೊಟ್ಟಿದೆ. ನೀವು ಮೊದಲೇ ಕೊಟ್ಟ ಬೆಲೆಯ ಹಣಕ್ಕೆ ಮಾರುವವರ ಆ ಆಸ್ತಿಯೇ ಹೊಣೆಯಾಗುತ್ತದೆ. ನೀವು ಕಾರಣವಿಲ್ಲದೆ ಹಿಂದೆ ಸರಿದರೆ ಮಾತ್ರ ಇದು ತಪ್ಪುತ್ತದೆ. ಆದರೆ ಆ ಕಲಮಿನ ಆರಂಭದಲ್ಲೇ ಒಂದು ಮಾತಿದೆ: ಕರಾರಿನಲ್ಲಿ ಬೇರೆ ಥರ ಬರೆದಿರದಿದ್ದರೆ. ಅಂದರೆ ಕಾಯ್ದೆ ಕೊಟ್ಟದ್ದನ್ನು ನಿಮ್ಮ ಸಹಿಯೇ ಕಳೆಯಬಹುದು. "ಮುಂಗಡಕ್ಕಾಗಿ ಷೆಡ್ಯೂಲು ಸ್ವತ್ತಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ" ಎಂಬಂಥ ಸಾಲು ಕಂಡರೆ ತೆಗೆಸಿ.

ಎಚ್ಚರಿಕೆ: ಆಸ್ತಿ ವ್ಯವಹಾರದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮೇಲೆ ಹೇಳಿದ 75 ಲಕ್ಷದ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕೊಟ್ಟೆ ಎಂದು ದಾವೆಯಲ್ಲಿ ಹೇಳಿದರೆ ಕೋರ್ಟೇ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಅದರ ನಂಬರ್, ದಿನಾಂಕ ಪತ್ರದಲ್ಲಿ ಬರಲಿ.

ಹಂತ 5: ದಿನಗಳ ಲೆಕ್ಕ

"ಮೂರು ತಿಂಗಳೊಳಗೆ" ಎಂದಿದ್ದರೆ ಯಾವತ್ತಿನಿಂದ? ಕರಾರಿನ ದಿನದಿಂದಲೋ, ಮಾರುವವರು ಇ-ಖಾತಾ ಮಾಡಿಸಿ ಕೈಗಿತ್ತ ದಿನದಿಂದಲೋ? ಎರಡನೆಯದಾದರೆ ಅವರಿಗೂ ಒಂದು ಗಡುವು ಬೇಕು. ಇಲ್ಲದಿದ್ದರೆ ನಿಮ್ಮ ಗಡಿಯಾರ ಶುರುವಾಗುವುದೇ ಇಲ್ಲ. ನಿಮ್ಮ ಹಣ ಮಾತ್ರ ಅವರ ಹತ್ತಿರ ಇರುತ್ತದೆ.

"ಸಮಯವೇ ಈ ಕರಾರಿನ ಸಾರ" ಎಂಬ ಸಾಲು ಎಷ್ಟೋ ಪತ್ರಗಳಲ್ಲಿ ಸುಮ್ನೆ ಬಂದು ಕೂತಿರುತ್ತದೆ. ಸ್ಥಿರಾಸ್ತಿಯ ವಿಷಯದಲ್ಲಿ ಒಂದೆರಡು ದಿನ ತಡವಾದ ಮಾತ್ರಕ್ಕೆ ಕರಾರು ಮುರಿಯುವುದಿಲ್ಲ ಎಂದೇ ಕೋರ್ಟುಗಳು ಸಾಮಾನ್ಯವಾಗಿ ಭಾವಿಸುತ್ತವೆ. ಈ ಸಾಲು ಇದ್ದು, ಉಳಿದ ಷರತ್ತುಗಳೂ ಅದಕ್ಕೆ ಹೊಂದಿದರೆ ಆ ಸಡಿಲ ಹೋಗುತ್ತದೆ. ಮಾರುವವರ ಗಡುವಿಗೂ ಅದೇ ಬಿಗಿ ಇದ್ದರೆ ಮಾತ್ರ ಒಪ್ಪಿ.

ಕೋರ್ಟಿಗೆ ಹೋಗಲು ನಿಮಗಿರುವುದು ಮೂರು ವರ್ಷ. ಕ್ರಯಕ್ಕೆ ದಿನಾಂಕ ಗೊತ್ತು ಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಬರೆದುಕೊಡುವುದಿಲ್ಲ ಎಂದು ನಿಮಗೆ ತಿಳಿದ ದಿನದಿಂದ. "ಮುಂದಿನ ಯುಗಾದಿ ಆಗಲಿ" ಎಂದು ವರ್ಷಗಟ್ಟಲೆ ಕಾದವರು ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಗಡುವು ಮುಂದೂಡಿದರೆ ಅದೂ ಬರವಣಿಗೆಯಲ್ಲಿ, ಇಬ್ಬರ ಸಹಿಯೊಂದಿಗೆ ಆಗಬೇಕು.

ಹಂತ 6: ಕ್ರಿಯಾಪದ ಹಿಡಿದು ಓದಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕನ್ನಡದಲ್ಲಿ ಕರ್ತೃವನ್ನು ಹೇಳದೆಯೇ ವಾಕ್ಯ ಮುಗಿಸಬಹುದು. ಮಾತಿನಲ್ಲಿ ಅದು ಸಲೀಸು. ಕರಾರಿನಲ್ಲಿ ಅದೇ ಅಪಾಯ. ಈ ಸಾಲು ನೋಡಿ:

"ಬಾಕಿ ಕಂದಾಯ ಕಟ್ಟಿ, ಖಾತೆ ಸರಿಪಡಿಸಿ, ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳತಕ್ಕದ್ದು."

ಕಂದಾಯ ಕಟ್ಟುವವರು ಯಾರು? "ಮಾಡಿಸಿಕೊಳ್ಳುವವರು" ಕೊಳ್ಳುವವರು. ನಮ್ಮ ಭಾಷೆಯಲ್ಲಿ "ಕಟ್ಟಿ", "ಸರಿಪಡಿಸಿ" ಎಂಬ ರೂಪಗಳು ಕೊನೆಯ ಕ್ರಿಯಾಪದದ ಕರ್ತೃವನ್ನೇ ಹಿಡಿಯುತ್ತವೆ. ಹಾಗಾಗಿ ಮಾರುವವರ ಹಳೆಯ ಬಾಕಿ ಈಗ ನಿಮ್ಮ ತಲೆಗೆ ಬಂತು! ಕೊನೆಯ ಪದ "ಮಾಡಿಸಿಕೊಡತಕ್ಕದ್ದು" ಎಂದಾದರೆ ಇಡೀ ಹೊಣೆ ಮಾರುವವರದು. "ಕೊಳ್ಳ" ಮತ್ತು "ಕೊಡ" ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಅಷ್ಟೆ. ಕಾಯ್ದೆಯ ಪ್ರಕಾರ ಮಾರಾಟದ ದಿನದವರೆಗಿನ ಸರ್ಕಾರಿ ಬಾಕಿ ಮಾರುವವರದೇ. ಆದರೆ ಅದೂ 55ನೇ ಕಲಮಿನದೇ ಮಾತು. ಕರಾರಿನಲ್ಲಿ ಬೇರೆ ಥರ ಬರೆದರೆ ಬರೆದದ್ದೇ ನಿಲ್ಲುತ್ತದೆ.

ಆದ್ದರಿಂದ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಹೋಗಿ. ಅಲ್ಲಿಂದ ಹಿಂದಕ್ಕೆ ಬಂದು "ಯಾರು?" ಎಂದು ಕೇಳಿ. ಉತ್ತರ ಪತ್ರದಲ್ಲೇ ಸಿಗದಿದ್ದರೆ "ಮಾರುವವರು" ಅಥವಾ "ಕೊಳ್ಳುವವರು" ಎಂದು ಸೇರಿಸಿ. ಒಂದು ವಾಕ್ಯದಲ್ಲಿ ನಾಲ್ಕು ಕೆಲಸ ಇದ್ದರೆ ನಾಲ್ಕು ವಾಕ್ಯ ಮಾಡಿಸಿ. ಪತ್ರ ಒಂದು ಪುಟ ಉದ್ದವಾದರೆ ನಷ್ಟವೇನಿಲ್ಲ.

ಇನ್ನು ಮೂರು ರೂಪಗಳು. "ತಕ್ಕದ್ದು" ಎಂದರೆ ಮಾಡಲೇಬೇಕು. "ಬಹುದು" ಎಂದರೆ ಮಾಡಿದರೂ ಸರಿ, ಬಿಟ್ಟರೂ ಸರಿ. "ಕೂಡದು" ಎಂದರೆ ಮಾಡುವಂತಿಲ್ಲ. ಮಾರುವವರ ಕೆಲಸಗಳ ಮುಂದೆ "ಬಹುದು", ನಿಮ್ಮ ಕೆಲಸಗಳ ಮುಂದೆ "ತಕ್ಕದ್ದು" ಬಂದಿದೆಯೇ ಎಣಿಸಿ ನೋಡಿ. ಹಾಗೆಯೇ "ಪರಭಾರೆ ಮಾಡಕೂಡದು" ಎಂಬ ಮಾತು ಇದೆಯೇ ಹುಡುಕಿ. ಪರಭಾರೆ ಎಂದರೆ ಮಾರಾಟ, ಅಡಮಾನ, ದಾನ ಹೀಗೆ ಯಾವುದೇ ರೀತಿಯಲ್ಲಿ ಬೇರೆಯವರಿಗೆ ಹೋಗುವಂತೆ ಮಾಡುವುದು. ಕರಾರಿನ ಅವಧಿಯಲ್ಲಿ ಮಾರುವವರು ಇದನ್ನು ಮಾಡಕೂಡದು ಎಂದು ಬರೆದಿರಲೇಬೇಕು.

"ಸೂಕ್ತ ಸಮಯದಲ್ಲಿ", "ಅಗತ್ಯ ದಾಖಲೆಗಳು", "ಇತ್ಯಾದಿ". ಇಂಥ ಪದಗಳನ್ನು ಹೊಡೆದುಹಾಕಿ, ದಿನಾಂಕ ಮತ್ತು ದಾಖಲೆಗಳ ಹೆಸರು ಬರೆಸಿ. ಅರ್ಥ ಖಚಿತವಾಗದ, ಖಚಿತಪಡಿಸಲೂ ಆಗದ ಕರಾರು ಅಸಿಂಧು ಎಂದು 1872ರ ಕರಾರು ಕಾಯ್ದೆಯ 29ನೇ ಕಲಂ ಹೇಳುತ್ತದೆ. ಅಷ್ಟು ದೂರ ಹೋಗದಿದ್ದರೂ ಜಗಳ ಹುಟ್ಟುವುದು ಇಂಥ ಕಡೆಯೇ.

ಹಂತ 7: ಮಾತು ಮುರಿದರೆ ಏನು?

ಜನ ಖುಷಿಯಿಂದ ಒಪ್ಪಿಕೊಳ್ಳುವ ಒಂದು ಷರತ್ತು ಇದೆ: "ಮಾರುವವರು ಕ್ರಯಪತ್ರ ಬರೆದುಕೊಡತಕ್ಕದ್ದು ಅಥವಾ ಮುಂಗಡದ ಎರಡರಷ್ಟು ವಾಪಸ್ ಕೊಡತಕ್ಕದ್ದು." ಎರಡರಷ್ಟು ಎಂದು ಕೇಳಿದಾಗ ಲಾಭ ಅನಿಸುತ್ತದೆ ಅಲ್ವಾ? ಆ "ಅಥವಾ" ಪದವನ್ನು ನೋಡಿ. ಎರಡರಲ್ಲಿ ಯಾವುದು ಎಂಬ ಆಯ್ಕೆಯನ್ನು ಅದು ಮಾರುವವರಿಗೇ ಕೊಟ್ಟುಬಿಡಬಹುದು. ಜಾಗದ ಬೆಲೆ 30 ಲಕ್ಷ ಏರಿದಾಗ, 2 ಲಕ್ಷ ಮುಂಗಡಕ್ಕೆ 4 ಲಕ್ಷ ಕೊಟ್ಟು ಕೈ ತೊಳೆದುಕೊಳ್ಳುವುದು ಅವರಿಗೆ ಸುಲಭ.

ಕ್ರಯಪತ್ರವನ್ನೇ ಬರೆಸಿಕೊಡಿ ಎಂದು ಕೋರ್ಟಿನಲ್ಲಿ ಕೇಳುವುದಕ್ಕೆ ನಿರ್ದಿಷ್ಟ ಪಾಲನೆಯ ದಾವೆ ಎನ್ನುತ್ತಾರೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಬರೀ ದಂಡದ ಮೊತ್ತ ಬರೆದಿದ್ದರೆ ಈ ದಾವೆಗೆ ಅಡ್ಡಿಯಿಲ್ಲ. ಹಣ ಕೊಟ್ಟು ಬಿಡಿಸಿಕೊಳ್ಳುವ ಆಯ್ಕೆಯಾಗಿ ಬರೆದಿದ್ದರೆ ಅಡ್ಡಿ. ಹೀಗೆ ಬರೆಸಿ: "ಮಾರುವವರು ತಪ್ಪಿದಲ್ಲಿ ಕೊಳ್ಳುವವರು ತಮ್ಮ ಇಚ್ಛೆಯಂತೆ ಕ್ರಯಪತ್ರವನ್ನೇ ಕೋರ್ಟಿನ ಮೂಲಕ ಪಡೆಯಬಹುದು ಅಥವಾ ಮುಂಗಡವನ್ನು ಬಡ್ಡಿಸಹಿತ ವಾಪಸ್ ಪಡೆಯಬಹುದು." ಆಯ್ಕೆ ನಿಮ್ಮ ಕೈಗೆ ಬಂತು.

2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪಾಲನೆ ಕೊಡುವುದು ಕೋರ್ಟಿನ ಮರ್ಜಿಯ ವಿಷಯವಾಗಿ ಉಳಿದಿಲ್ಲ. ಆದರೂ ನೀವು ಹಣದೊಂದಿಗೆ ಸದಾ ಸಿದ್ಧರಿದ್ದಿರಿ ಎಂದು ತೋರಿಸಬೇಕು. ಬ್ಯಾಂಕ್ ಖಾತೆಯ ವಿವರ, ಸಾಲ ಮಂಜೂರಾತಿ ಪತ್ರ ಇಟ್ಟುಕೊಳ್ಳಿ. ದಾವೆಯಲ್ಲಿ ಮುಂಗಡ ವಾಪಸಾತಿಯನ್ನೂ ಪರ್ಯಾಯವಾಗಿ ಕೇಳಿಕೊಂಡಿರಬೇಕು. ಕೇಳದೆ ಇದ್ದರೆ ಕೋರ್ಟ್ ತಾನಾಗಿ ಕೊಡುವುದಿಲ್ಲ. 20 ಲಕ್ಷದ ಆ ಪ್ರಕರಣದಲ್ಲಿ ಇದೂ ಒಂದು ಪೆಟ್ಟು.

ಹಂತ 8: ಮುದ್ರಾಂಕ, ನೋಂದಣಿ, ಸ್ವಾಧೀನ

ಜಾಗದ ಸ್ವಾಧೀನ ಕೊಡದ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯವಲ್ಲ ಎಂದು ಹಲವರು ಹೇಳುತ್ತಾರೆ. ಸರಿಯೇ. ಆದರೂ ಮಾಡಿಸಿ. ನೋಂದಣಿಯಾದ ಕರಾರು ಇ.ಸಿ.ಯಲ್ಲಿ ಕಾಣುತ್ತದೆ. ನಾಳೆ ಅದೇ ಜಾಗವನ್ನು ಇನ್ನೊಬ್ಬರು ಕೊಂಡರೆ "ನನಗೆ ಗೊತ್ತಿರಲಿಲ್ಲ" ಎನ್ನಲು ಆಗುವುದಿಲ್ಲ. ಗೊತ್ತಿಲ್ಲದೆ, ಒಳ್ಳೆಯ ನಂಬಿಕೆಯಿಂದ, ಹಣ ಕೊಟ್ಟು ಕೊಂಡವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಆ ರಕ್ಷಣೆ ನಿಮ್ಮ ವಿರುದ್ಧ ಬಳಕೆಯಾಗದಂತೆ ತಡೆಯುವುದು ನೋಂದಣಿ. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ಹಾಜರುಪಡಿಸಬೇಕು.

ಕರಾರಿನ ಜೊತೆಗೇ ಸ್ವಾಧೀನ ಪಡೆಯುವುದಾದರೆ ಲೆಕ್ಕ ಬೇರೆ. ಕರ್ನಾಟಕದಲ್ಲಿ ಅಂಥ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಆ ಸ್ವಾಧೀನವನ್ನು ಉಳಿಸಿಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಮಿನ ರಕ್ಷಣೆ ಬೇಕೆಂದರೆ ನೋಂದಣಿಯೂ ಆಗಿರಬೇಕು. 2001ರಿಂದ ಈ ನಿಯಮವಿದೆ. "ಸ್ವಾಧೀನ ಕೊಡಲಾಗಿದೆ" ಎಂಬ ಎರಡು ಪದ ಯಾವುದೋ ಹಳೆಯ ಮಾದರಿಯಿಂದ ನಕಲಾಗಿ ಬಂದಿರಬಹುದು. ನಿಜವಾಗಿ ಕೊಟ್ಟಿರದಿದ್ದರೆ ತೆಗೆಸಿ. ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟಿನಲ್ಲಿ ಹಾಜರುಪಡಿಸಿದರೆ, ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಬಿಲ್ಡರ್ ಹತ್ತಿರ ಫ್ಲ್ಯಾಟ್ ಕೊಳ್ಳುವವರಿಗೆ

ಮೇಲಿನದೆಲ್ಲ ನಿಮಗೂ ಅನ್ವಯಿಸುತ್ತದೆ. ಜೊತೆಗೆ ಬಿಲ್ಡರ್‌ಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ನಿಮ್ಮ ಬೆನ್ನಿಗಿದೆ. ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಹಣ ಪಡೆಯುವಂತಿಲ್ಲ. ಬೆಲೆ ಯಾವ ಅಳತೆಗೆ ಎಂದು ನೋಡಿ. ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ. ಎಲ್ಲರೂ ಹಂಚಿಕೊಳ್ಳುವ ಜಾಗವನ್ನೂ ಸೇರಿಸಿ ಹೇಳುವ "ಸೂಪರ್ ಬಿಲ್ಟ್ ಅಪ್" ಎಂಬ ದೊಡ್ಡ ಅಂಕಿ ನೋಡಿ ಮಾರುಹೋಗಬೇಡಿ.

ಬಡ್ಡಿಯ ಸಾಲನ್ನು ಎರಡೂ ಕಡೆಯಿಂದ ಓದಿ. ಗುರುಗ್ರಾಮದ ಒಂದು ಕರಾರಿನಲ್ಲಿ ಕೊಳ್ಳುವವರು ತಡ ಮಾಡಿದರೆ ಶೇ. 18 ಬಡ್ಡಿ, ಬಿಲ್ಡರ್ ಹಣ ವಾಪಸ್ ಕೊಡಬೇಕಾದರೆ ಶೇ. 9 ಎಂದಿತ್ತು. ಬೇರೆ ದಾರಿಯಿಲ್ಲದೆ ಚುಕ್ಕೆ ಗೆರೆಯ ಮೇಲೆ ಸಹಿ ಹಾಕಿಸಿಕೊಂಡ ಇಂಥ ಏಕಪಕ್ಷೀಯ ಷರತ್ತುಗಳಿಗೆ ಕೊಳ್ಳುವವರು ಬದ್ಧರಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ರೇರಾದಲ್ಲಿ ಎರಡೂ ಕಡೆಗೆ ಒಂದೇ ದರ ಇರಬೇಕು.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ?

ಪತ್ರವನ್ನು ಇವತ್ತೇ ಹೊರತೆಗೆದು 5, 6 ಮತ್ತು 7ನೇ ಹಂತದಂತೆ ಓದಿ. ತಪ್ಪು ಕಂಡರೆ ಮಾರುವವರ ಜೊತೆ ಕೂತು ಪೂರಕ ಕರಾರು ಮಾಡಿಕೊಳ್ಳಿ. ಮೂಲ ಕರಾರಿನ ದಿನಾಂಕ ಹಾಕಿ, ಯಾವ ಪ್ಯಾರಾ ಬದಲಾಯಿತು ಎಂದು ಬರೆದು, ಮೊದಲು ಸಹಿ ಹಾಕಿದ ಎಲ್ಲರೂ ಮತ್ತೆ ಸಹಿ ಹಾಕಬೇಕು. ಮೂಲ ಕರಾರು ನೋಂದಣಿಯಾಗಿದ್ದರೆ ಇದನ್ನೂ ನೋಂದಣಿ ಮಾಡಿಸಿ. ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ಆಗ ಹೆಚ್ಚಿನವರು ಒಪ್ಪುತ್ತಾರೆ.

ಅವರು ಫೋನ್ ಎತ್ತುತ್ತಿಲ್ಲ, ಗಡುವು ದಾಟಿದೆ ಎಂದಾದರೆ ಮೊದಲು ಮೂರು ವರ್ಷದ ಲೆಕ್ಕ ಹಾಕಿ. ಕರಾರಿನಲ್ಲಿರುವ ವಿಳಾಸಕ್ಕೆ ವಕೀಲರ ಮೂಲಕ ನೋಟಿಸ್ ಕಳುಹಿಸಿ. ಬಾಕಿ ಹಣ ಸಿದ್ಧವಿದೆ, ಇಂಥ ದಿನ ಉಪನೋಂದಣಿ ಕಚೇರಿಗೆ ಬನ್ನಿ ಎಂದು ಅದರಲ್ಲಿ ಇರಲಿ. ಆ ದಿನ ನೀವು ನಿಜವಾಗಿಯೂ ಹೋಗಿ. ಹೋದದ್ದಕ್ಕೆ ಒಂದು ದಾಖಲೆ ಮಾಡಿಕೊಳ್ಳಿ. ನೋಟಿಸಿನ ಪ್ರತಿ, ಅಂಚೆ ರಸೀದಿ, ಅಂಚೆಯವರು ಹಿಂದಿರುಗಿಸಿದ ಲಕೋಟೆ ಬಂದರೆ ಒಡೆಯದೆ ಅದನ್ನೂ ಮೂಲ ಕರಾರಿನ ಜೊತೆ ಒಂದೇ ಫೈಲಿನಲ್ಲಿ ಇಡಿ.